ನೋಡ್ಲಿಕ್ಕೆ ಇಟ್ಟ ಮನೆ

ಮೂಡುಬಿದಿರೆಯ ಥೀಮ್ ಪಾರ್ಕಿನ ‘ಹಳೇ ಕಾಲದ ಮನೆ’ಯ ಜಗಲಿಯಲ್ಲಿ ಸೇಸಮ್ಮಜ್ಜಿ ಕಾಲು ಚಾಚಿ ಕುಳಿತೇಬಿಟ್ಟರು. ಹೊರಗೆ ಅವರ ಟೂರಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಆ ಮನೆಯ ವಸ್ತುಗಳನ್ನು ಯಾರೂ ಮುಟ್ಟದಂತೆ ಕಾಯುವ ಫಾಹಿಮಾಳಿಗೆ ಏನು ಮಾಡುವುದೆಂದೇ ತೋಚಲಿಲ್ಲ.

“ಏಳಿ ಅಜ್ಜಿ, ಬಸ್ಸು ಹೊರಡ್ತಾ ಉಂಟು.”

“ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸ್ತಾರಾ ಮಗಳೇ? ಅವಳು ಆಗಿಂದ ನೋಡ್ತಾ ಇದ್ದಾಳೆ, ಒಂದು ಮಾತಿಲ್ಲ. ನನ್ನ ಮೇಲೆ ಏನಾದ್ರೂ ಕೋಪ ಉಂಟಾ?” ಅಜ್ಜಿ ಬೆರಳು ತೋರಿಸಿದ್ದು ಒನಕೆ ಹಿಡಿದು ನಿಂತ ಫೈಬರ್ ಹೆಂಗಸಿನ ಕಡೆಗೆ.

“ಅದು ಗೊಂಬೆ ಅಜ್ಜಿ. ಇದು ನೋಡ್ಲಿಕ್ಕೆ ಇಟ್ಟ ಮನೆ. ಇಲ್ಲಿ ಯಾರೂ ಇಲ್ಲ.”

“ನೀನು ಇದ್ದೀಯಲ್ಲ.”

ಫಾಹಿಮಾ ಸೋತಳು. ತನ್ನ ಬ್ಯಾಗಿನಿಂದ ನೀರಿನ ಬಾಟಲಿಯನ್ನೂ ಬೆಲ್ಲದ ಒಂದು ನೆಲಗಡಲೆ ಚಿಕ್ಕಿಯನ್ನೂ ತೆಗೆದು ಕೊಟ್ಟಳು. ಅಜ್ಜಿ ಚಿಕ್ಕಿಯ ಚೂರೊಂದನ್ನು ದವಡೆಗೆ ಒತ್ತರಿಸಿ, ಬಾಟಲಿ ಎತ್ತಿ ನಿಧಾನಕ್ಕೆ ಕುಡಿಯತೊಡಗಿದರು. ಅಷ್ಟರಲ್ಲಿ ಬಸ್ಸಿನ ಡ್ರೈವರ್ ಸಿಟ್ಟಿನಿಂದ ದಾಪುಗಾಲು ಹಾಕಿ ಬರುವುದು ಕಂಡು ಫಾಹಿಮಾಳಿಗೆ ಹೋದ ಜೀವ ಬಂದಂತಾಯಿತು. ಇವನಾದರೂ ಅಜ್ಜಿಯನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತಾನೆ.

ಡ್ರೈವರ್ ಬಾಟಲಿಯನ್ನು ನೋಡಿದ, ಚಿಕ್ಕಿಯನ್ನೂ ನೋಡಿದ. ಮೆಟ್ಟಿಲ ಬಳಿ ಚಪ್ಪಲಿ ಕಳಚಿಟ್ಟು ಅಜ್ಜಿಯ ಪಕ್ಕದಲ್ಲಿ ಕುಳಿತ. ಆಮೇಲೆ ಬಸ್ಸಿನವರ ಕಡೆಗೆ ಕೈಬೀಸಿ ಕರೆದ.

“ಎಲ್ಲರೂ ಇಳಿದು ಬನ್ನಿ. ಇಲ್ಲಿ ಬೆಲ್ಲ ನೀರು ಕೊಡ್ತಾರೆ.”