ಇಳಿಯಬಾರದ ತೂಕ

ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಲಿಫ್ಟಣ್ಣ ಎರಡನೇ ಬಾಟಲಿಯ ನೀರನ್ನೂ ಕೊನೆಯ ಹನಿಯವರೆಗೆ ಕುಡಿದು ಮುಗಿಸಿದ. ಇನ್ನು ಒಳಗೆ ಹೋಗಿ ತೂಕದ ಯಂತ್ರ ಹತ್ತುವುದೊಂದೇ ಬಾಕಿ. ಇವತ್ತೇನಾದರೂ ಎಪ್ಪತ್ತನಾಲ್ಕು ಕಿಲೋಗೆ ಇಳಿದರೆ ಊಟದ ಮೇಡಂ ಅವನ ಕಾರ್ಡಿನ ಮೇಲೆ ‘ಮುಗಿಯಿತು’ ಎಂದು ಬರೆದುಬಿಡುತ್ತಾಳೆ. ಮುಂದಿನ ಶನಿವಾರದಿಂದ ಬರುವ ಹಾಗಿಲ್ಲ. ಮೂರು ವಾರದಿಂದ ಈ ನೀರೇ ಅವನನ್ನು ಕಾಪಾಡಿಕೊಂಡು ಬಂದಿತ್ತು.

ಊಟದ ಮೇಡಂ ಎಂದರೆ ಯಾರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವಾಕೆ. ಮೊಣಕಾಲು ನೋವೆಂದು ಬಂದವನನ್ನು ಡಾಕ್ಟರು ಆರು ತಿಂಗಳ ಹಿಂದೆ ಆಕೆಯ ಬಳಿ ಅಟ್ಟಿದ್ದರು. ಆಗ ಅವನು ಎಂಬತ್ತಾರು ಕಿಲೋ. “ನೀರು ಕುಡಿದ್ರೆ ತೂಕ ಇಳಿಯುತ್ತಂತೆ, ಹೌದಾ ಮೇಡಂ?” ಎಂದು ಮೊದಲ ದಿನವೇ ಕೇಳಿದ್ದ. “ನೀರೇನು ಕೊಬ್ಬು ಕರಗಿಸಲ್ಲ ಅಣ್ಣಾ. ಊಟಕ್ಕೆ ಅರ್ಧ ಗಂಟೆ ಮುಂಚೆ ಒಂದು ಲೋಟ ಕುಡೀರಿ, ನಾಲ್ಕು ತುತ್ತು ಕಡಿಮೆ ತಿಂತೀರಿ, ಅಷ್ಟೇ. ಆ ಸಿಹಿ ಸೋಡಾದ ಬದಲು ನೀರು ಕುಡೀರಿ, ಅದು ಇನ್ನೂ ಒಳ್ಳೇದು,” ಎಂದಿದ್ದಳು. ಅವನು ಚಾಚೂ ತಪ್ಪದೆ ಹಾಗೇ ಮಾಡಿದ. ಹೊಟ್ಟೆ ಇಳಿಯಿತು, ಮೊಣಕಾಲಿನ ನೋವೂ ಹೋಯಿತು.

ಆದರೆ ಅವನಿಗೆ ರುಚಿ ಹತ್ತಿದ್ದು ಬೇರೆಯದಕ್ಕೆ. ಹತ್ತು ಮಹಡಿಯ ಆಫೀಸು ಕಟ್ಟಡದ ಲಿಫ್ಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂರುವುದು ಅವನ ಕೆಲಸ. ಜನ ಹತ್ತುತ್ತಾರೆ, “ಮೂರು” ಎನ್ನುತ್ತಾರೆ, “ಎಂಟು” ಎನ್ನುತ್ತಾರೆ, ಇಳಿದು ಹೋಗುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಕಿವಿಗೆ ಬಿದ್ದ ಮಾತೆಲ್ಲ ಬರೀ ಅಂಕಿ. ಮನೆಯಲ್ಲಿ ಅದೂ ಇಲ್ಲ. ಊಟದ ಮೇಡಂ ಹಾಗಲ್ಲ. ಪೆನ್ನು ಹಿಡಿದು, “ಭಾನುವಾರ ಮಧ್ಯಾಹ್ನ ಏನು ತಿಂದ್ರಿ? ರಾತ್ರಿ?” ಎಂದು ಏಳು ದಿನದ್ದೂ ಕೇಳಿ ಬರೆದುಕೊಳ್ಳುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಅವನು ಉಂಡನೋ ಬಿಟ್ಟನೋ ಎಂದು ವಿಚಾರಿಸಿದವಳು ಈಕೆಯೊಬ್ಬಳೇ. ಅದು ಆಕೆಯ ಕೆಲಸ ಎಂದು ಅವನಿಗೆ ಗೊತ್ತಿಲ್ಲದೇ ಇರಲಿಲ್ಲ. ಗೊತ್ತಿದ್ದೂ ಶನಿವಾರಕ್ಕೆಂದು ಶರಟು ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದ.

“ಎಪ್ಪತ್ತನಾಲ್ಕು ಪಾಯಿಂಟ್ ಆರು,” ಎಂದು ಯಂತ್ರದ ಮೇಲಿನ ಅಂಕಿ ಓದಿ ಮೇಡಂ ಹುಬ್ಬು ಗಂಟಿಕ್ಕಿದಳು. “ಮೂರು ವಾರದಿಂದ ಇಲ್ಲೇ ಠಿಕಾಣಿ ಹೂಡಿದೀರಲ್ಲ ಅಣ್ಣಾ. ಕದ್ದುಮುಚ್ಚಿ ಏನಾದ್ರೂ ತಿಂತಿದೀರಾ?”

“ಆಣೆಗೂ ಇಲ್ಲ ಮೇಡಂ.”

“ಹಾಗಾದ್ರೆ ಕೂತ್ಕೊಳ್ಳಿ. ಒಂದೊಂದು ದಿನದ್ದೂ ನಿಧಾನವಾಗಿ ಹೇಳಿ. ಎಲ್ಲಿ ತಪ್ತಿದೆ ನೋಡೇಬಿಡೋಣ.”

ಬೇರೆ ದಿನ ಐದು ನಿಮಿಷದಲ್ಲಿ ಮುಗಿಸುತ್ತಿದ್ದ ಆಕೆ ಇವತ್ತು ಕುರ್ಚಿಗೆ ಒರಗಿ ಕೂತಳು. ಇಂಥ ಭಾಗ್ಯ ಅವನಿಗೆ ಆರು ತಿಂಗಳಲ್ಲಿ ಸಿಕ್ಕಿರಲಿಲ್ಲ. ಆದರೆ ಹೊಟ್ಟೆಯೊಳಗಿನ ಎರಡು ಬಾಟಲಿ ನೀರು ಆಗಲೇ ಹೊರಗಿನ ದಾರಿ ಹುಡುಕತೊಡಗಿತ್ತು. ಭಾನುವಾರದ ಸೊಪ್ಪನ್ನು ಹೇಗೋ ವಿವರವಾಗಿ ಹೇಳಿದ. ಸೋಮವಾರಕ್ಕೆ ಕಾಲ ಮೇಲೆ ಕಾಲು ಹಾಕಿದ. ಮಂಗಳವಾರಕ್ಕೆ ಹಣೆ ಬೆವರಿತು.

“ಬುಧವಾರ?”

“ಬುಧವಾರ ಮೊಟ್ಟೆ ಮೇಡಂ.”

“ಎಷ್ಟು?”

“ಒಂದೇ ನಿಮಿಷ, ಬಂದೆ,” ಎಂದವನೇ ಎದ್ದು ಓಡಿದ.

ವಾಪಸು ಬಂದಾಗ ಆಕೆ ಯಂತ್ರದ ಪಕ್ಕ ನಿಂತಿದ್ದಳು. ಕುರ್ಚಿಯ ಮೇಲೆ ಅವನು ಬಿಟ್ಟುಹೋದ ಚೀಲ ಬಾಯಿ ತೆರೆದುಕೊಂಡಿತ್ತು. ಒಳಗೆ ಎರಡು ಖಾಲಿ ಬಾಟಲಿ.

“ಇನ್ನೊಂದ್ಸಲ ಹತ್ತಿ.”

“ಈಗ ತಾನೆ ಹತ್ತಿದ್ನಲ್ಲ ಮೇಡಂ.”

“ಹತ್ತಿ ಅಣ್ಣಾ.”

ಎಪ್ಪತ್ಮೂರು ಪಾಯಿಂಟ್ ಒಂಬತ್ತು. ಗುಟ್ಟು ರಟ್ಟಾಗಿತ್ತು.

“ಇಲ್ಲಿಗೆ ಬರೋರೆಲ್ಲ ಕಡಿಮೆ ತೋರಿಸ್ಲಿ ಅಂತ ಬೆಲ್ಟು, ವಾಚು ಬಿಚ್ಚಿಟ್ಟು ಹತ್ತುತ್ತಾರೆ. ನೀವು ಹೊಟ್ಟೆ ತುಂಬ ನೀರು ತುಂಬ್ಕೊಂಡು ಬರ್ತೀರಲ್ಲ, ಯಾಕೆ?”

ಅವನು ಪೆಚ್ಚಾಗಿ ನೆಲ ನೋಡಿದ. “ತೂಕ ಇಳಿದುಬಿಟ್ರೆ, ಬುಧವಾರ ಏನು ತಿಂದೆ ಅಂತ ನಾನು ಯಾರಿಗೆ ಹೇಳ್ಲಿ ಮೇಡಂ?”

ಆಕೆ ನಗಲಿಲ್ಲ. ಹೊರಗಿನ ಬೆಂಚಿನ ಮೇಲೆ ಇನ್ನೂ ಒಂಬತ್ತು ಜನ ಕೂತಿದ್ದರು. ಕೊನೆಗೆ ಪೆನ್ನು ತೆಗೆದು ಕಾರ್ಡಿನ ಮೇಲೆ ‘ಮುಗಿಯಿತು’ ಎಂದು ಬರೆದಳು. ಆಕೆಗೂ ಬೇಸರವಾಗಿತ್ತು.

“ಯಾರೂ ಕೇಳ್ದಿದ್ರೆ ನೀವೇ ಕೇಳಿ ಅಣ್ಣಾ. ನಿಮ್ಮ ಲಿಫ್ಟಲ್ಲಿ ದಿನಾ ಎಷ್ಟು ಜನ ಹತ್ತಿ ಇಳೀತಾರೆ. ಊಟ ಆಯ್ತಾ ಅಂದ್ರೆ ಸಾಕು, ಮಾತು ತಾನಾಗೇ ಬರುತ್ತೆ.”

ಸೋಮವಾರ ಮಧ್ಯಾಹ್ನ ಅವನು ಅದಕ್ಕೆಂದೇ ಕಾದ. ಗುಂಪಿನಲ್ಲಿ ಕೇಳಲು ಧೈರ್ಯ ಸಾಲಲಿಲ್ಲ. ಎರಡು ಗಂಟೆಯ ಹೊತ್ತಿಗೆ, ಕನ್ನಡಕ ಹಾಕಿಕೊಂಡ ಒಬ್ಬರೇ ಒಬ್ಬರು ಫೋನು ನೋಡುತ್ತ ಒಳಗೆ ಬಂದರು. ಏಳೆಂಟು ವರ್ಷದಿಂದ ನೋಡುತ್ತಿದ್ದ ಮುಖ. ಲಿಫ್ಟಣ್ಣ ಗಂಟಲು ಸರಿಮಾಡಿಕೊಂಡ.

“ಊಟ ಆಯ್ತಾ ಸಾರ್?”

“ಐದು,” ಎಂದರು ಅವರು.

ಅವನು ಐದನ್ನು ಒತ್ತಿದ. ಬಾಗಿಲು ತೆರೆಯಿತು, ಅವರು ಇಳಿದು ಹೋದರು, ಬಾಗಿಲು ಮುಚ್ಚಿತು. ಖಾಲಿ ಲಿಫ್ಟು ಕೆಳಗಿಳಿಯುತ್ತಿದ್ದಾಗ ಅವನು ಗೋಡೆಯ ಕನ್ನಡಿಯ ಕಡೆ ತಿರುಗಿ ಕೂತು, ಮೆಲ್ಲಗೆ, ಒಂದೊಂದಾಗಿ ಹೇಳಿದ:

“ಮೊದಲು ಒಂದು ಲೋಟ ನೀರು. ಆಮೇಲೆ ಎರಡು ಮೊಟ್ಟೆ, ಒಂದು ಸೌತೆಕಾಯಿ. ಅಷ್ಟೇ ಮೇಡಂ.”