ಬಲೆಯಿಲ್ಲದ ಬೇಟೆ

“ಏನಜ್ಜ, ಈ ವಯಸ್ಸಲ್ಲೂ ಕೂತೇ ಊಟಾನಾ? ಒಂದು ಹಂದೀನೂ ಹೊಡೀಲಿಲ್ವಾ?” ಔತಣದಲ್ಲಿ ಪಡ್ಡೆ ಸೈನಿಕನೊಬ್ಬ ಮುದುಕ ಕೊರ್ರಾಗನನ್ನು ಕೆಣಕಿದ. ಬಲೆಯಿಲ್ಲದೆ ಕಾಡುಹಂದಿ ಕೊಂದವನಿಗಷ್ಟೇ ಮೆಸಿಡೋನಿಯದಲ್ಲಿ ಮಂಚದ ಮೇಲೆ ಒರಗಿ ಉಣ್ಣುವ ಹಕ್ಕು.

“ನಂಗೆಲ್ಲಿಯ ಧೈರ್ಯ ಮಗಾ!” ಎಂದು ಕೊರ್ರಾಗ ನಕ್ಕ.

ಎಳೆಯ ರಾಜನ ಹೆಸರಲ್ಲಿ ಸಾಮ್ರಾಜ್ಯ ಆಳುವ ಸೇನಾಪತಿ ಆಡೀಮ, ಮಂಚದಲ್ಲಿ ಒರಗಿದ್ದಂತೆಯೇ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದ. ಹರೆಯದಲ್ಲಿ ತಾನು ಹೆದರಿ ಮರ ಹತ್ತಿದ್ದಾಗ ಹಂದಿಯನ್ನು ಈಟಿಯಿಂದ ಇರಿದು ಕೊಂದವನು ಇದೇ ಕೊರ್ರಾಗ; “ನೀನೇ ಹೊಡೆದೆ ಅನ್ನು” ಎಂದು ಬಿಟ್ಟುಕೊಟ್ಟಿದ್ದ.

ಆಡೀಮ ಮಂಚದಿಂದ ಇಳಿದು ಮುದುಕನ ಪಕ್ಕದ ಮಣೆಯ ಮೇಲೆ ನೆಟ್ಟಗೆ ಕೂತ.

“ನೋಡ್ರೋ, ನಮ್ಮ ಸೇನಾಪತಿಗಳ ದೊಡ್ಡಗುಣ!” ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ನಿಜ ಹೇಳಲು ಬಾಯಿ ತೆರೆದ ಆಡೀಮನ ಕೈಗೆ ಕೊರ್ರಾಗ ರೊಟ್ಟಿ ತುರುಕಿದ. “ಸುಮ್ನೆ ಉಣ್ಣೋ. ಹೇಳಿದ್ರೆ ಅದಕ್ಕೂ ಚಪ್ಪಾಳೆ ತಟ್ತಾರೆ.”