ಕೆಳಗಿಳಿದ ಮೈಕು

"ಇಲ್ಲಿ ನೋಡಿ, ಇದೇ ಕಣ್ರಯ್ಯಾ ಪತ್ರಿಕಾ ನೀತಿ!" ಎಂದು ಮೇಷ್ಟ್ರು ಪರದೆಗೆ ಬೆರಳಿಟ್ಟರು. ಹಿಂದಿನ ಮೂಲೆಯಲ್ಲಿದ್ದ ಪ್ರೊಜೆಕ್ಟರಿನವನು ವರ್ಷವರ್ಷದ ರೂಢಿಯಂತೆ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ.

ಪರದೆಯ ಮೇಲೆ ಹದಿನೈದು ವರ್ಷ ಹಿಂದಿನ ಮೇಷ್ಟ್ರು, ಆಗ ಟಿವಿ ವರದಿಗಾರ. ಕುಸಿದ ಕಟ್ಟಡದ ಮುಂದೆ ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಇವರು ಪ್ರಶ್ನೆ ಕೇಳದೆ ಮೈಕನ್ನು ಮೆಲ್ಲಗೆ ಕೆಳಗಿಳಿಸುತ್ತಿದ್ದಾರೆ. ಆ ಇಳಿದ ಮೈಕೇ ಇವರನ್ನು ಮೇಲಕ್ಕೇರಿಸಿತು. ಪ್ರಶಸ್ತಿ ಬಂತು, ಊರೆಲ್ಲ ಹೊಗಳಿತು, ಕೊನೆಗೆ ಕಾಲೇಜಿನಲ್ಲಿ ನೀತಿಪಾಠದ ಕುರ್ಚಿಯೂ ಸಿಕ್ಕಿತು. ಬರುವಾಗ ತಮ್ಮ ಕ್ಯಾಮೆರಾದವನನ್ನು ಮರೆಯಲಿಲ್ಲ, ಪ್ರೊಜೆಕ್ಟರ್ ನೋಡಿಕೊಳ್ಳುವ ಕೆಲಸ ಕೊಡಿಸಿದರು. ಅವನ ಬಾಯಿಗೆ ಅನ್ನವೂ ಬಿತ್ತು, ಬೀಗವೂ ಬಿತ್ತು. ನಿವೃತ್ತಿಗೆ ಇನ್ನೆರಡೇ ವರ್ಷ.

ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಅವರು ನನ್ನಮ್ಮ."

ಮೇಷ್ಟ್ರ ಮುಖ ಅರಳಿತು. ಇಂಥ ಭಾಗ್ಯ ಯಾವ ವರ್ಷವೂ ಒದಗಿರಲಿಲ್ಲ. "ಹೌದೇನಮ್ಮಾ! ಅಮ್ಮ ಇದನ್ನೆಲ್ಲ ಹೇಳಿದಾರಾ?"

"ಹೇಳಿದಾರೆ ಸರ್. ಮೊದಲ್ನೇ ಸಲ ನೀವು ಮೈಕ್ ಇಳಿಸಿದ್ದು ಫ್ರೇಮಲ್ಲಿ ಬರ್ಲಿಲ್ವಂತೆ. ಇನ್ನೊಂದ್ಸಲ ಅಳಮ್ಮ ಅಂದ್ರಂತೆ. ಅಮ್ಮನಿಗೆ ಕಣ್ಣೀರು ಬರ್ಲಿಲ್ವಂತೆ. ಹಾಗಾದ್ರೆ ಮುಖ ಮುಚ್ಕೊಂಡ್ಬಿಡು ಅಂದ್ರಂತೆ. ಹದಿನೈದು ವರ್ಷದಿಂದ ಹೇಳ್ತಾನೇ ಇದಾರೆ. ದುಃಖಕ್ಕೆ ತಲೆ ಕೆಟ್ಟಿದೆ ಅಂತ ಮನೆಯವರೆಲ್ಲ ನಗ್ತಾರೆ. ನಿಜ ಯಾವುದು ಸರ್?"

ಮೇಷ್ಟ್ರ ಮುಖ ಹುಳ್ಳಗಾಯಿತು. ಆದರೆ ನಾಲಿಗೆ ಕ್ಯಾಮೆರಾ ಮುಂದೆ ಪಳಗಿದ್ದಲ್ಲವೇ? "ಪಾಪ, ದುಃಖದಲ್ಲಿರೋರಿಗೆ ಏನೇನೋ ನೆನಪಾಗುತ್ತೆ. ಹೋದ ವಾರ ಏನ್ ಹೇಳ್ಕೊಟ್ಟೆ? ಒಬ್ಬರ ಮಾತು ಸುದ್ದಿಯಲ್ಲ, ಎರಡನೇ ಸಾಕ್ಷಿ ಬೇಕು. ಇದೆಯಾ?"

"ಇಲ್ಲ ಸರ್." ಹುಡುಗಿ ತಲೆ ತಗ್ಗಿಸಿ ಕುಳಿತಳು.

"ಎಲ್ಲರೂ ಬರ್ಕೊಳ್ಳಿ, ಇದೂ ಪಾಠವೇ." ಆ ತಾಯಿಯ ಮಾನವನ್ನೂ ಒಂದು ಟಿಪ್ಪಣಿ ಮಾಡಿ ಮುಗಿಸಿದರು, ಪುಣ್ಯಾತ್ಮ. "ಮುಂದಕ್ಕೆ ಹಾಕಯ್ಯಾ."

ಚಿತ್ರ ಮುಂದಕ್ಕೆ ಹೋಗಲಿಲ್ಲ. ಪ್ರೊಜೆಕ್ಟರಿನವನಿಗೆ ಉಳಿದ ಎರಡು ವರ್ಷ ನೆನಪಾಗಿ ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ ಹೇಸಿಗೆಯಾಯಿತು, ಮೇಷ್ಟ್ರ ಮೇಲಷ್ಟೇ ಅಲ್ಲ, ತನ್ನ ಮೇಲೂ. ಅವನು ಎದ್ದು ದೀಪ ಹಾಕಿದ. ಎಲ್ಲರೂ ಹಿಂದಕ್ಕೆ ತಿರುಗಿದರು.

"ಅಮ್ಮನಿಗೆ ಒಂದು ಮರೆತುಹೋಗಿದೆ ಮಗಳೇ," ಅಂದ. "ನಾವು ಕ್ಯಾಮೆರಾ ಮುಂದೆ ಅಳೋಕೆ ನಿಲ್ಲಿಸಿದ್ದು ಎರಡು ಸಲ ಅಲ್ಲ, ಮೂರು ಸಲ."